ಯೂರೋಪಿನಲ್ಲಿ ಗಡಿ ದಾಟುವ ರೈಲು: ಯಾವ ಟಿಕೆಟ್ ಮೊದಲು, ಯಾವುದು ಆಮೇಲೆ?

ಪ್ರಶ್ನೆ: ಮುಂದಿನ ಮೇ ತಿಂಗಳಲ್ಲಿ ನಾವು ದಂಪತಿ, 9 ಮತ್ತು 13 ವರ್ಷದ ಇಬ್ಬರು ಮಕ್ಕಳೊಂದಿಗೆ ಪ್ಯಾರಿಸ್ ನೋಡಿಕೊಂಡು ರೈಲಿನಲ್ಲಿ ಜ್ಯೂರಿಕ್‌ಗೂ, ಕೆಲವು ದಿನಗಳ ನಂತರ ಮಿಲಾನ್‌ನಲ್ಲಿ ರೈಲು ಬದಲಿಸಿ ವೆನಿಸ್‌ಗೂ ಹೋಗಬೇಕೆಂದಿದ್ದೇವೆ. ಷೆಂಗೆನ್ ವೀಸಾ (ಯೂರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಇನ್ನೂ ಕೈಸೇರಿಲ್ಲ. ಎಲ್ಲ ಟಿಕೆಟ್‌ಗಳನ್ನೂ ಈಗಲೇ ಕಾಯ್ದಿರಿಸಬೇಕೇ? ಹಲವು ದೇಶಗಳ ರೈಲುಗಳಲ್ಲಿ ಓಡಾಡಬಹುದಾದ ಯೂರೇಲ್ ಪಾಸ್ ಕೊಂಡರೆ ಲಾಭವೇ?
– ಓದುಗರು, ಮೈಸೂರು

ಉತ್ತರ: ಎಲ್ಲವನ್ನೂ ಬೇಡ. ನಿಮ್ಮ ಪಟ್ಟಿಯಲ್ಲಿ ಮುಂಗಡವಾಗಿ ಕೊಳ್ಳಲೇಬೇಕಾದವು ಪ್ಯಾರಿಸ್–ಜ್ಯೂರಿಕ್, ಜ್ಯೂರಿಕ್–ಮಿಲಾನ್ ಮತ್ತು ಮಿಲಾನ್–ವೆನಿಸ್ ರೈಲುಗಳು ಮಾತ್ರ. ನಮ್ಮಲ್ಲಿ 60 ದಿನ ಮುಂಚೆ ಬುಕಿಂಗ್ ತೆರೆದರೆ, ಸೀಟು ಸಿಗದವರಿಗೆ ವೇಟಿಂಗ್ ಲಿಸ್ಟ್ ಇರುತ್ತದೆ. ಅಲ್ಲಿನ ಈ ರೈಲುಗಳಲ್ಲಿ ಅಂಥ ವ್ಯವಸ್ಥೆಯಿಲ್ಲ. ಅಗ್ಗದ ದರದ ಸೀಟುಗಳು ಖಾಲಿಯಾದಂತೆ ವಿಮಾನದ ಟಿಕೆಟ್‌ನಂತೆಯೇ ದರ ಏರುತ್ತ ಹೋಗುತ್ತದೆ. ಮಾರಾಟ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ಮುಂಚೆ ಆರಂಭವಾಗುತ್ತದೆಯಾದರೂ ರೈಲಿನಿಂದ ರೈಲಿಗೆ ಅವಧಿ ಬೇರೆ. ಹಾಗಾಗಿ ಇವತ್ತು ಹುಡುಕಿದಾಗ ನಿಮ್ಮ ದಿನಾಂಕಕ್ಕೆ ರೈಲು ಕಾಣದಿದ್ದರೆ ಅದು ಭರ್ತಿಯಾಗಿದೆ ಎಂದು ಗಾಬರಿಯಾಗಬೇಡಿ, ಬಹುಪಾಲು ಇನ್ನೂ ತೆರೆದೇ ಇರುವುದಿಲ್ಲ.

ವೀಸಾಕ್ಕೂ ಟಿಕೆಟ್‌ಗೂ ಹೊಂದಾಣಿಕೆ ಮಾಡುವುದೇ ಇಲ್ಲಿ ನಿಜವಾದ ತಲೆನೋವು. ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಸಲ್ಲಿಸಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಹಿಡಿಯುತ್ತದೆ. ಹೆಚ್ಚು ರಾತ್ರಿ ತಂಗುವ ದೇಶದ ಕಚೇರಿಗೇ ಅರ್ಜಿ ಹಾಕಬೇಕಾದ್ದರಿಂದ, ಮೊದಲು ರಾತ್ರಿಗಳ ಲೆಕ್ಕವನ್ನು ಖಚಿತಪಡಿಸಿಕೊಂಡು, ಆದಷ್ಟು ಬೇಗ ಅರ್ಜಿ ಹಾಕಿ, ವೀಸಾ ಬಂದ ಮೇಲೆ ಟಿಕೆಟ್ ಕೊಳ್ಳುವುದು ನನ್ನ ಸಲಹೆ. ಅಷ್ಟು ಕಾಯಲಾಗದಿದ್ದರೆ, ಹಣ ವಾಪಸಾಗುವ ಅಥವಾ ದಿನಾಂಕ ಬದಲಿಸಬಹುದಾದ ಟಿಕೆಟನ್ನೇ ಆರಿಸಿ. ಅತಿ ಅಗ್ಗದ ದರದ ಕೆಳಗೆ ಸಣ್ಣ ಅಕ್ಷರದಲ್ಲಿರುವ ಷರತ್ತನ್ನು ಓದದೆ ಹಣ ಕಟ್ಟುವವರೇ ಹೆಚ್ಚು.

ಪ್ಯಾರಿಸ್–ಜ್ಯೂರಿಕ್ ನಡುವಿನ ಟಿಜಿವಿ ಲಿರಿಯಾ ರೈಲು ಗಾರ್ ದ ಲಿಯೋಂ ನಿಲ್ದಾಣದಿಂದ ಹೊರಟು ಸುಮಾರು ನಾಲ್ಕು ಗಂಟೆಯಲ್ಲಿ ತಲುಪುತ್ತದೆ; ಸೀಟು ಕಾಯ್ದಿರಿಸುವುದು ಕಡ್ಡಾಯ. ಸ್ವಿಟ್ಜರ್‌ಲ್ಯಾಂಡಿನ ಒಳಗಿನ ಸಾಮಾನ್ಯ ರೈಲುಗಳಿಗೆ ಅದರ ಅಗತ್ಯವಿಲ್ಲ, ಆದ್ದರಿಂದ ಬೆಟ್ಟಗಳ ಕಡೆಗಿನ ಸುತ್ತಾಟವನ್ನು ಹವಾಮಾನ ನೋಡಿಕೊಂಡು ಆ ದಿನವೇ ನಿರ್ಧರಿಸುವುದು ಒಳ್ಳೆಯದು.

ಜ್ಯೂರಿಕ್‌ನಿಂದ ಮಿಲಾನ್‌ಗೆ ಯೂರೋಸಿಟಿ ರೈಲಿನಲ್ಲಿ ಮೂರು ಗಂಟೆ ಚಿಲ್ಲರೆ. 2016ರಲ್ಲಿ ತೆರೆದ, 57 ಕಿ.ಮೀ. ಉದ್ದದ ಗೊಟ್ಹಾರ್ಡ್ ಬೇಸ್ ಸುರಂಗದ ಮೂಲಕ ಹೋಗುವುದರಿಂದ ಈ ವೇಗ ಸಾಧ್ಯವಾಗಿದೆ (ಆಲ್ಪ್ಸ್ ನೋಡಬೇಕೆಂದು ಕಿಟಕಿ ಪಕ್ಕ ಕೂತವರಿಗೆ ಆ ಹೊತ್ತೆಲ್ಲ ಕತ್ತಲೆಯೇ). ಗಡಿಯಲ್ಲಿರುವ ಕಿಯಾಸ್ಸೊ ನಿಲ್ದಾಣದಲ್ಲಿ ಪೊಲೀಸರು ಅಥವಾ ಸುಂಕದವರು ಹತ್ತಿ ತಪಾಸಣೆ ಮಾಡುವುದುಂಟು. ಷೆಂಗೆನ್ ವಲಯದೊಳಗಿನ ಪ್ರಯಾಣ, ಗಡಿಯಲ್ಲಿ ಯಾರೂ ಕೇಳುವುದಿಲ್ಲವೆಂದು ಪಾಸ್‌ಪೋರ್ಟನ್ನು ಸೂಟ್‌ಕೇಸಿನ ತಳದಲ್ಲಿ ಇಡಬೇಡಿ.

ಮಿಲಾನ್‌ನಲ್ಲಿ ಎಚ್ಚರ ಬೇಕು. ಜ್ಯೂರಿಕ್–ಮಿಲಾನ್ ಮತ್ತು ಮಿಲಾನ್–ವೆನಿಸ್ ಟಿಕೆಟ್‌ಗಳನ್ನು ಬೇರೆ ಬೇರೆಯಾಗಿ ಕೊಂಡರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಹೊಸ ಟಿಕೆಟ್‌ನ ಖರ್ಚು ನಿಮ್ಮ ಮೇಲೇ ಬೀಳಬಹುದು. ಇಡೀ ಪ್ರಯಾಣಕ್ಕೆ ಒಂದೇ ಟಿಕೆಟ್ ಸಿಕ್ಕರೆ ಅದನ್ನೇ ಕೊಳ್ಳಿ. ಸಿಗದಿದ್ದರೆ ನಡುವೆ ಕನಿಷ್ಠ ಒಂದು ಗಂಟೆ ಬಿಡಿ.

ಪಾಸ್ ನಿಮಗೆ ಬೇಡವೆಂದೇ ಹೇಳುತ್ತೇನೆ. ಅದನ್ನು ಕೊಂಡರೂ ಈ ರೈಲುಗಳಲ್ಲಿ ಸೀಟಿನ ಶುಲ್ಕವನ್ನು ಬೇರೆಯಾಗಿ ಕೊಡಬೇಕು, ಲಿರಿಯಾದಲ್ಲಿ ಪಾಸ್‌ದಾರರಿಗೆ ಸಿಗುವ ಸೀಟುಗಳೂ ಸೀಮಿತ. ದಿನಕ್ಕೊಂದು ಊರು ಸುತ್ತುವವರಿಗೆ ಅದು ಸರಿ. ಮೂರು ದೀರ್ಘ ಪ್ರಯಾಣಕ್ಕಲ್ಲ.

ಪಾವತಿಗೆ ಮುನ್ನ ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ಆನ್‌ಲೈನ್ ಬಳಕೆ ಚಾಲೂ ಆಗಿದೆಯೇ ನೋಡಿ. ವೆನಿಸ್‌ಗೆ ಟಿಕೆಟ್ ಮಾಡುವಾಗ ನಿಲ್ದಾಣದ ಹೆಸರನ್ನೂ ಗಮನಿಸಿ: ಮೆಸ್ತ್ರೆ ಎಂದರೆ ಮುಖ್ಯಭೂಮಿಯ ಕಡೆಯದು, ಕಾಲುವೆಯ ದಡದಲ್ಲೇ ಇಳಿಯಬೇಕಾದರೆ ಸಾಂತಾ ಲೂಚಿಯಾ ಎಂದಿರಬೇಕು.