ಕೇಳಿ, ಆಮೇಲೆ ಹತ್ತು ಸೆಕೆಂಡ್ ಸುಮ್ಮನಿರಿ: ಸಭೆಯಲ್ಲಿ ದೇಣಿಗೆ ಕೇಳುವ ಬಗ್ಗೆ

ನಿಮ್ಮದು ಚಿಕ್ಕ ಟ್ರಸ್ಟ್. ವಾರ್ಷಿಕೋತ್ಸವಕ್ಕೆ ಸುಮಾರು 200 ಜನ ಬರುತ್ತಾರೆ. ಈ ಸಲ ವೇದಿಕೆಯಿಂದಲೇ ದೇಣಿಗೆ ಕೇಳೋಣ ಅಂತ ಕಮಿಟಿಯವರು ತೀರ್ಮಾನ ಮಾಡಿದ್ದಾರೆ, ಮೈಕ್ ನಿಮ್ಮ ಕೈಗೆ ಕೊಟ್ಟಿದ್ದಾರೆ. "ಎದುರಿಗೆ ಕೂತವರ ಹತ್ತಿರ ದುಡ್ಡು ಕೇಳೋಕೆ ನಾಚಿಕೆ ಆಗುತ್ತೆ, ಹೇಗೆ ಶುರು ಮಾಡಲಿ?" ಅಂತ ಕೇಳಿದ್ದೀರಿ.

ನಾನು ಶಿವಮೊಗ್ಗದವಳು, ಹೈಸ್ಕೂಲ್ ಟೀಚರ್. ಕೈಲಾಗದವರಿಗೆ ಡಯಾಲಿಸಿಸ್ ಮಾಡಿಸುವ ಒಂದು ಟ್ರಸ್ಟ್‌ಗಾಗಿ ಐದು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ನನ್ನ ಅಣ್ಣ ಆರು ವರ್ಷ ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೂ ನಾಲ್ಕು ಗಂಟೆ ಆ ಮಷೀನಿನ ಪಕ್ಕ ಮಲಗಿದ್ದ. ನಾನು ಈ ಕೆಲಸಕ್ಕೆ ಬಂದದ್ದು ಆ ದಾರಿಯಲ್ಲಿ.

ಮೊದಲ ವರ್ಷ ನನಗೂ ನಾಚಿಕೆ ಇತ್ತು. ಅದಕ್ಕೇ ಚಿಕ್ಕದರಿಂದ ಶುರು ಮಾಡಿದೆ. "500 ರೂಪಾಯಿ ಕೊಡೋರು ಯಾರಿದ್ದೀರಿ?" ಅಂದೆ. 74 ಕೈ ಎದ್ದವು, ನನಗೆ ಖುಷಿಯೋ ಖುಷಿ. ಆಮೇಲೆ 1,500 ಅಂದೆ, 13 ಕೈ. 5,000 ಅಂದೆ, ನಾಲ್ಕು. 10,000 ಅಂದಾಗ ಎಲ್ಲರೂ ತಲೆ ತಗ್ಗಿಸಿ ಮೊಬೈಲ್ ನೋಡತೊಡಗಿದರು. ಒಟ್ಟು 76,500 ರೂಪಾಯಿ. ಅವತ್ತು ರಾತ್ರಿ ಪಟ್ಟಿ ನೋಡುತ್ತಾ ಕೂತಾಗ ಗೊತ್ತಾಯಿತು. ಹತ್ತು ಎಕರೆ ತೋಟ ಇರುವವರೂ 500ಕ್ಕೆ ಕೈ ಎತ್ತಿದ್ದರು. ತಪ್ಪು ಅವರದಲ್ಲ. ನಾನು ಕೇಳಿದ್ದೇ ಅಷ್ಟು, ಅವರು ಕೊಟ್ಟರು. ಒಮ್ಮೆ ಕೈ ಎತ್ತಿ ಇಳಿಸಿದ ಮೇಲೆ "ನನ್ನ ಪಾಲು ಮುಗೀತು" ಅಂತ ಮನಸ್ಸಿಗೆ ಸಮಾಧಾನ ಆಗಿಬಿಡುತ್ತದೆ ಅಲ್ವಾ? ಎರಡನೇ ಸಲ ಕೈ ಎತ್ತುವವರು ಬಹಳ ಕಡಿಮೆ.

ಹಾಗಾಗಿ ದೊಡ್ಡ ಮೊತ್ತದಿಂದ ಶುರು ಮಾಡಿ, ಕೆಳಗೆ ಇಳಿಯುತ್ತಾ ಬನ್ನಿ. ನಾಚಿಕೆ ಇರುವವರಿಗೆ ಇದು ಕಷ್ಟ, ಗೊತ್ತು. ಆದರೆ ಬರೀ ರೂಪಾಯಿ ಹೇಳಬೇಡಿ, ಆ ರೂಪಾಯಿಗೆ ಏನಾಗುತ್ತದೆ ಅನ್ನುವುದನ್ನು ಹೇಳಿ. ನಮ್ಮಲ್ಲಿ ಒಂದು ಸಲದ ಡಯಾಲಿಸಿಸ್‌ಗೆ ಟ್ರಸ್ಟ್‌ಗೆ ತಗಲುವುದು 1,500 ರೂಪಾಯಿ. ವಾರಕ್ಕೆ ಮೂರು ಅಂದರೆ 4,500. ನಾಲ್ಕು ವಾರದ ಲೆಕ್ಕದಲ್ಲಿ ತಿಂಗಳಿಗೆ 18,000. ಮೂರು ತಿಂಗಳಿಗೆ 54,000. ವರ್ಷಕ್ಕೆ ಪೂರ್ತಿ 52 ವಾರ, 156 ಸಲ, 2,34,000. ಈ ಐದು ಮೊತ್ತ ಬಿಟ್ಟು ಆರನೆಯದು ನನ್ನ ಬಾಯಿಂದ ಬರುವುದಿಲ್ಲ. "ಒಬ್ಬರ ಒಂದು ಇಡೀ ವರ್ಷ ಯಾರು ನೋಡಿಕೊಳ್ತೀರಿ?" ಅಂತ ಕೇಳುವುದಕ್ಕೂ "ಎರಡು ಲಕ್ಷ ಯಾರು ಕೊಡ್ತೀರಿ?" ಅಂತ ಕೇಳುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಮೊದಲನೆಯದನ್ನು ಕೇಳುವಾಗ ನನ್ನ ಗಂಟಲು ಕಟ್ಟುವುದಿಲ್ಲ. ನಿಮ್ಮದು ಶಾಲೆಯೋ, ಗೋಶಾಲೆಯೋ, ಹಾಸ್ಟೆಲ್ಲೋ ನನಗೆ ಗೊತ್ತಿಲ್ಲ. ಯಾವುದೇ ಇರಲಿ, ನಿಮ್ಮ ಅಕೌಂಟೆಂಟ್ ಜೊತೆ ಒಂದು ಸಂಜೆ ಕೂತು ನಿಜವಾದ ಲೆಕ್ಕ ತೆಗೆಯಿರಿ. ಅಂದಾಜಿನ ಲೆಕ್ಕ ಬೇಡ. ಸಭೆಯಲ್ಲಿ ಒಬ್ಬರಾದರೂ ಎದ್ದು "ಅದು ಹೇಗೆ ಅಷ್ಟಾಗುತ್ತೆ?" ಅಂತ ಕೇಳುತ್ತಾರೆ.

ಕೇಳಲಿ, ಒಳ್ಳೆಯದೇ. ನಮ್ಮನ್ನು ಪ್ರತಿ ವರ್ಷ ಕೇಳುವ ಪ್ರಶ್ನೆ ಒಂದಿದೆ: "ಜಿಲ್ಲಾ ಆಸ್ಪತ್ರೆಯಲ್ಲಿ ಉಚಿತ ಇದೆಯಲ್ಲ ಮೇಡಂ?" ಹೌದು, ಇದೆ. ಕೇಂದ್ರ ಸರ್ಕಾರದ ಡಯಾಲಿಸಿಸ್ ಯೋಜನೆ 2016ರಿಂದ ನಡೆಯುತ್ತಿದೆ. ಎಷ್ಟೋ ಜನರ ಜೀವ ಉಳಿಸಿದೆ. ಆದರೆ ಪಾಳಿ ಸಿಗುವವರೆಗೆ ಕಾಯಲು ಆಗದವರು ಇರುತ್ತಾರೆ, ಬೆಳಗಿನ ಮೊದಲ ಬಸ್ ಹಿಡಿದರೂ ಸಮಯಕ್ಕೆ ತಲುಪಲು ಆಗದವರು ಇರುತ್ತಾರೆ. ನಾವಿರುವುದು ಅವರಿಗಾಗಿ. ಇಷ್ಟನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ಸಭೆಯ ಮನಸ್ಸಿನಲ್ಲಿರುವ ಅನುಮಾನವನ್ನು ನೀವೇ ಬಾಯಿಬಿಟ್ಟು ಹೇಳಿದರೆ ಜನ ನಂಬುತ್ತಾರೆ.

ಮೊದಲ ಕೈ ಯಾರದು ಅನ್ನುವುದು ಕಾರ್ಯಕ್ರಮಕ್ಕೆ ಮೊದಲೇ ತೀರ್ಮಾನ ಆಗಿರಬೇಕು. ಒಬ್ಬ ದೊಡ್ಡ ದಾನಿಯ ಮನೆಗೆ ಹೋಗಿ, ಕಾಫಿ ಕುಡಿಯುತ್ತಾ, ಮೊತ್ತ ಹೇಳಿ, "ಅವತ್ತು ಮೊದಲು ನೀವೇ ಕೈ ಎತ್ತಬೇಕು" ಅಂತ ಕೇಳಿಕೊಳ್ಳಿ. ಇದು ನಾಟಕ ಅಲ್ವಾ ಅಂತ ನಮ್ಮ ಕಮಿಟಿಯಲ್ಲೇ ಒಬ್ಬರು ಕೇಳಿದರು. ಅವರು ಕೊಡುವುದು ನಿಜ, ದುಡ್ಡು ನಿಜ, ಹೇಳುವ ಸಮಯ ಮಾತ್ರ ನಾವು ಗೊತ್ತು ಮಾಡಿದ್ದು. ಒಪ್ಪದವರನ್ನು ಒಪ್ಪಿದ್ದಾರೆ ಅಂತ ತೋರಿಸಿದರೆ ಅದು ಮೋಸ. ಹಾಗೆ ಯಾವತ್ತೂ ಮಾಡಬೇಡಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯಕ್ಕೆ ಬರುತ್ತೇನೆ. ಕೇಳಿದ ಮೇಲೆ ಸುಮ್ಮನಿರಿ.

ಮೂರನೇ ವರ್ಷದ ಕಾರ್ಯಕ್ರಮ. ವರ್ಷದ ಪಾಲು ಒಬ್ಬರು ತೆಗೆದುಕೊಂಡಿದ್ದರು, ಚಪ್ಪಾಳೆ ಆಗಿತ್ತು. "ಮೂರು ತಿಂಗಳು ಯಾರು ನೋಡಿಕೊಳ್ತೀರಿ?" ಅಂದೆ. ಯಾರೂ ಕೈ ಎತ್ತಲಿಲ್ಲ. ಫ್ಯಾನ್ ತಿರುಗುವ ಸದ್ದು ಕೇಳಿಸುತ್ತಿತ್ತು. ಹಿಂದೆ ಅಡುಗೆಮನೆಯಲ್ಲಿ ಯಾರೋ ಸ್ಟೀಲ್ ತಟ್ಟೆ ಜೋಡಿಸುತ್ತಿದ್ದರು. ನನಗೆ ಏನಾದರೂ ಮಾತಾಡಿ ಆ ಮೌನ ತುಂಬಿಸಬೇಕು ಅನಿಸಿತು. "ಪರವಾಗಿಲ್ಲ, ಮುಂದಿನದಕ್ಕೆ ಹೋಗೋಣ" ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಮನಸ್ಸಿನಲ್ಲೇ ಹತ್ತು ಎಣಿಸಿದೆ. ಏಳಕ್ಕೋ ಎಂಟಕ್ಕೋ ಎಡಗಡೆಯ ಸಾಲಿನಲ್ಲಿ ಒಬ್ಬ ಹೆಂಗಸು ಪಕ್ಕದಲ್ಲಿದ್ದ ಗಂಡನ ಕಡೆ ತಿರುಗಿ ಏನೋ ಹೇಳಿದರು. ಅವರು ತಲೆಯಾಡಿಸಿದರು. ಆಕೆ ಕಾರ್ಡ್ ಎತ್ತಿದರು (ಆ ಹೊತ್ತಿಗೆ ನಮ್ಮಲ್ಲಿ ಬರೀ ಕೈ ಬದಲು ನಂಬರ್ ಬರೆದ ಕಾರ್ಡ್ ಎತ್ತುತ್ತಿದ್ದರು, ಅದರ ವ್ಯವಸ್ಥೆ ಮುಂದೆ ಹೇಳುತ್ತೇನೆ). ಅವರನ್ನು ನೋಡಿ ಹಿಂದಿನ ಸಾಲಿನಲ್ಲಿ ಇನ್ನೊಂದು ಕಾರ್ಡ್ ಎದ್ದಿತು. ಆ ಹತ್ತು ಸೆಕೆಂಡಿನಲ್ಲಿ ನಾನು ಮಾತಾಡಿದ್ದರೆ 1,08,000 ರೂಪಾಯಿ ಬರುತ್ತಿರಲಿಲ್ಲ. ಗಂಡ ಹೆಂಡತಿ ಒಂದು ಮಾತು ಆಡಿಕೊಳ್ಳಲು ಅಷ್ಟು ಹೊತ್ತಾದರೂ ಬೇಕಲ್ಲ. ನಾವು ನಾಚಿಕೆಗೆ ಮಾತಾಡುತ್ತಾ ಹೋದರೆ ಅವರಿಗೆ ಯೋಚಿಸಲು ಬಿಡುವೇ ಇಲ್ಲ.

ಆ ವರ್ಷ ತಿಂಗಳ ಪಾಲಿಗೆ ಒಂಬತ್ತು ಕಾರ್ಡ್, ವಾರದ ಪಾಲಿಗೆ 21, ಒಂದು ಸಲದ ಪಾಲಿಗೆ 48 ಎದ್ದವು. ಒಟ್ಟು 6,70,500. ಬಂದಿದ್ದ ಜನ ಮೊದಲ ವರ್ಷದಷ್ಟೇ.

ಆ ಕೊನೆಯ 48ರಲ್ಲಿ ಒಂದು ಕಾರ್ಡ್ ಆರು ಜನ ಸೇರಿ ಎತ್ತಿದ್ದು. ಒಂದೇ ಸ್ವಸಹಾಯ ಸಂಘದ ಹೆಂಗಸರು, ತಲಾ 250. ಕಾರ್ಡಿನ ಹಿಂದೆ ಆರು ಹೆಸರು ಒತ್ತೊತ್ತಾಗಿ ಬರೆದಿದ್ದರು. ನಾನು ಮೈಕಿನಲ್ಲಿ ಆರೂ ಹೆಸರು ಓದಿದೆ. ದಯವಿಟ್ಟು ಕೊನೆಯ ಮೆಟ್ಟಿಲನ್ನು ಅವಸರದಲ್ಲಿ ಮುಗಿಸಬೇಡಿ. ದೊಡ್ಡ ಮೊತ್ತಕ್ಕೆ ಕೊಟ್ಟಷ್ಟೇ ಸಮಯ, ಅಷ್ಟೇ ಚಪ್ಪಾಳೆ ಅದಕ್ಕೂ ಕೊಡಿ. ಮನೆಮನೆಯಿಂದ ಮುಷ್ಟಿ ಅಕ್ಕಿ ಎತ್ತಿ ಮಠ, ಹಾಸ್ಟೆಲ್ ನಡೆಸಿದ ನಾಡು ನಮ್ಮದು. ಸಾಧ್ಯವಾದರೆ ತಿಂಗಳಿಗೆ 250, 500 ಅಂತ ಕೊಡುವವರಿಗೆ ಯುಪಿಐ ಆಟೋಪೇ (ತಿಂಗಳು ತಿಂಗಳು ತಾನಾಗಿಯೇ ದುಡ್ಡು ಬರುವ ವ್ಯವಸ್ಥೆ) ಮಾಡಿಸಿಕೊಳ್ಳಿ. 1928ರಲ್ಲಿ ಟಿ.ಎಂ.ಎ. ಪೈಯವರ ಬ್ಯಾಂಕು ದಿನಕ್ಕೆ ಎರಡಾಣೆ ಪಿಗ್ಮಿ ಕಟ್ಟಿಸಿಕೊಳ್ಳತೊಡಗಿತು. ಅದು ಉಳಿತಾಯ, ಇದು ದಾನ, ಆದರೆ ಚಿಕ್ಕ ಮೊತ್ತ ತಪ್ಪದೆ ಬಂದರೆ ಏನಾಗುತ್ತದೆ ಅನ್ನುವುದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ.

ಸಮಯದ ವಿಷಯ. ದೇಣಿಗೆ ಕೇಳುವುದನ್ನು ಕೊನೆಗೆ ಇಡಬೇಡಿ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಮುಖ್ಯ ಅತಿಥಿಗಳ ಭಾಷಣ, ಹತ್ತು ಜನಕ್ಕೆ ಶಾಲು ಹಾರ ಪೇಟ, ಇಷ್ಟೆಲ್ಲ ಆದ ಮೇಲೆ ಸಭೆಯಲ್ಲಿ ಜೀವವೇ ಇರುವುದಿಲ್ಲ. ಊಟ ಶುರುವಾದ ಮೇಲಂತೂ ಕೇಳಲೇಬೇಡಿ. ಮಕ್ಕಳ ಡ್ಯಾನ್ಸ್ ಇದ್ದರೆ ಅದನ್ನು ದೇಣಿಗೆಯ ನಂತರ ಇಡಿ, ಯಾಕೆಂದರೆ ತಮ್ಮ ಮಗುವಿನ ಡ್ಯಾನ್ಸ್ ಮುಗಿದ ಕೂಡಲೇ ಅರ್ಧ ಜನ ಎದ್ದು ಹೋಗುತ್ತಾರೆ. ನಮ್ಮಲ್ಲಿ ಶುರುವಾಗಿ 40 ನಿಮಿಷಕ್ಕೆ ನಾನು ಮೈಕ್ ಹಿಡಿದಿರುತ್ತೇನೆ, ಹದಿನೈದು ನಿಮಿಷದಲ್ಲಿ ಮುಗಿಸುತ್ತೇನೆ. ಸನ್ಮಾನ ಎಲ್ಲ ಆಮೇಲೆ.

ಕೇಳುವ ಮೊದಲು ಒಂದೇ ಒಂದು ಕಥೆ ಹೇಳಿ, ಮೂರು ನಿಮಿಷ ಸಾಕು. ರೋಗಿಯನ್ನು ವೇದಿಕೆಗೆ ಕರೆದು ನಿಲ್ಲಿಸುವುದು ನನಗೆ ಇಷ್ಟವಿಲ್ಲ. ಅಣ್ಣನನ್ನು ಒಮ್ಮೆ ಒಂದು ಕಾರ್ಯಕ್ರಮದಲ್ಲಿ ಹಾಗೆ ನಿಲ್ಲಿಸಿ, ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳ ಜೋಡಿಸಿದ ಜಾಗ) ಹಾಕಿದ್ದ ಕೈಯನ್ನು ಎತ್ತಿ ತೋರಿಸಿ ಅಂದಿದ್ದರು. ಮನೆಗೆ ಬಂದವನು ಅವತ್ತು ಊಟ ಮಾಡಲಿಲ್ಲ. ತಾವಾಗಿ ಮಾತಾಡುತ್ತೇನೆ ಅಂದವರು ಮಾತಾಡಲಿ. ಇಲ್ಲದಿದ್ದರೆ ಹೆಸರು ಬದಲಾಯಿಸಿ, ಒಪ್ಪಿಗೆ ಕೇಳಿ, ನೀವೇ ಹೇಳಿ.

ಕೊಡುವವರ ಮರ್ಯಾದೆಯೂ ಅಷ್ಟೇ ಮುಖ್ಯ. ಒಂದು ಸಭೆಯಲ್ಲಿ ನಿರೂಪಕರು ಕೆಳಗಿಳಿದು ಬಂದು ಒಬ್ಬ ಅಂಗಡಿಯವರ ಮುಂದೆ ಮೈಕ್ ಹಿಡಿದು "ನಿಮ್ಮದೆಷ್ಟು ಬರ್ಕೊಳ್ಳಲಿ ಸಾರ್?" ಅಂದದ್ದನ್ನು ನೋಡಿದ್ದೇನೆ. ಅವರು ಹತ್ತು ಸಾವಿರ ಅಂದರು. ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಆ ದುಡ್ಡು ಬರುವುದಿಲ್ಲ ಅಂತ. ಬರಲಿಲ್ಲ. ಮುಂದಿನ ವರ್ಷ ಅವರೂ ಬರಲಿಲ್ಲ.

ಸಭೆಯಲ್ಲಿ ಎದುರೆದುರೇ ಕೇಳುವುದು ಹೊರದೇಶದಿಂದ ಬಂದ ಪದ್ಧತಿ ಅಂತ ಕೆಲವರು ಹೇಳುತ್ತಾರೆ. ಗಾಂಧೀಜಿ ಹರಿಜನ ನಿಧಿಗಾಗಿ ಊರೂರು ತಿರುಗುವಾಗ ಮಾಡಿದ್ದೇ ಇದನ್ನು. ಒಂದು ಹಸ್ತಾಕ್ಷರಕ್ಕೆ ಐದು ರೂಪಾಯಿ ತೆಗೆದುಕೊಳ್ಳುತ್ತಿದ್ದರು, ತಮಗೆ ಬಂದ ಕಾಣಿಕೆಗಳನ್ನು ಸಭೆಯಲ್ಲೇ ಹರಾಜು ಹಾಕುತ್ತಿದ್ದರು. 1934ರ ಜನವರಿಯಲ್ಲಿ ಕೇರಳದ ವಡಗರದಲ್ಲಿ ಕೌಮುದಿ ಎಂಬ ಹುಡುಗಿ ವೇದಿಕೆಗೆ ಬಂದು ಬಳೆ, ಸರ, ಓಲೆ ಎಲ್ಲ ಬಿಚ್ಚಿಕೊಟ್ಟಳು. ಆಗ ಗಾಂಧೀಜಿ ಅವಳನ್ನು ಕೇಳಿದ್ದು, ಅಪ್ಪ ಅಮ್ಮನ ಒಪ್ಪಿಗೆ ಇದೆಯಾ ಅಂತ. ಕೈಗೆ ಬಂದದ್ದನ್ನು ಹಾಗೇ ಬಾಚಿಕೊಳ್ಳಲಿಲ್ಲ. ಮೈಕ್ ಹಿಡಿದಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಕಾರ್ಡಿನ ವ್ಯವಸ್ಥೆ ಹೀಗೆ ಮಾಡಿ. ಬಾಗಿಲಲ್ಲೇ ಪ್ರತಿ ಮನೆಯವರಿಗೂ ದೊಡ್ಡ ಅಂಕಿ ಬರೆದ ಒಂದು ಕಾರ್ಡ್ ಮತ್ತು ಪೆನ್ ಕೊಡಿ. ಯಾವ ನಂಬರ್ ಯಾರಿಗೆ ಅಂತ ಅಲ್ಲೇ ಬರೆದುಕೊಳ್ಳಿ. ಸಭೆಯ ಎರಡೂ ಬದಿಗೆ ಇಬ್ಬಿಬ್ಬರು ಸ್ವಯಂಸೇವಕರು ನಿಂತಿರಲಿ. ಒಬ್ಬರು ನಂಬರ್ ಕೂಗಬೇಕು, ಇನ್ನೊಬ್ಬರು ಬರೆಯಬೇಕು. ನೀವು ಬರೆಯಲು ಹೋಗಬೇಡಿ, ನಿಮ್ಮ ಕಣ್ಣು ಜನರ ಮೇಲಿರಲಿ. ಎದ್ದ ಪ್ರತಿ ಕಾರ್ಡಿನ ನಂಬರನ್ನೂ ನೀವು ಮೈಕಿನಲ್ಲಿ ಹೇಳಿ ಧನ್ಯವಾದ ಹೇಳಬೇಕು. ಕೈ ಎತ್ತಿದವರನ್ನು ನೋಡದೆ ಬಿಟ್ಟರೆ ಅವರಿಗೆ ಬೇಜಾರಾಗುತ್ತದೆ. ಕಾರ್ಡಿನ ಹಿಂದೆ ಹೆಸರು, ಫೋನ್, ಪ್ಯಾನ್ ನಂಬರ್, ಮೊತ್ತ, ಮತ್ತೆ "ಯಾವಾಗ ಕೊಡುತ್ತೀರಿ" ಅನ್ನುವ ಜಾಗ ಇರಲಿ. ಈ ಕೊನೆಯದನ್ನು ನಾವು ಎರಡನೇ ವರ್ಷ ಸೇರಿಸಿದೆವು. ನಮ್ಮ ಕಡೆ "ಅಡಿಕೆ ಮಾರಿದ ಮೇಲೆ ಕೊಡ್ತೀನಿ" ಅಂದರೆ ಅದು ನೆಪ ಅಲ್ಲ, ನಿಜವಾಗಿ ದುಡ್ಡು ಬರುವುದೇ ಆಗ. ಆಮೇಲೆ ಕಾರ್ಯಕ್ರಮವನ್ನೇ ಕೊಯ್ಲು ಮುಗಿಯುವ ಫೆಬ್ರವರಿಗೆ ತಂದೆವು. ನಿಮ್ಮ ಊರಿನವರ ಕೈಯಲ್ಲಿ ದುಡ್ಡು ಓಡಾಡುವ ತಿಂಗಳು ಯಾವುದು, ನೋಡಿಕೊಳ್ಳಿ.

ದುಡ್ಡು ತೆಗೆದುಕೊಳ್ಳುವಾಗ ಕೆಲವು ನಿಯಮ ಗೊತ್ತಿರಲಿ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ದಾನಿಗೆ ಆದಾಯ ತೆರಿಗೆಯಲ್ಲಿ ದಾನಕ್ಕೆ ಕೊಡುವ ವಿನಾಯಿತಿ (80ಜಿ ಅಂತ ಕರೆಯುವುದು) ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಹೇಗೆ ಕೊಟ್ಟರೂ ಇಲ್ಲ. ಹಾಗಾಗಿ "ಎಲ್ಲರಿಗೂ ಟ್ಯಾಕ್ಸ್ ಉಳಿಯುತ್ತೆ" ಅಂತ ಮೈಕಿನಲ್ಲಿ ಹೇಳಬೇಡಿ. ಯುಪಿಐನಲ್ಲಿ ಸಾಮಾನ್ಯವಾಗಿ ದಿನಕ್ಕೆ ಒಂದು ಲಕ್ಷದ ಮಿತಿ ಇರುವುದರಿಂದ ದೊಡ್ಡ ಮೊತ್ತಕ್ಕೆ ಚೆಕ್ ಅಥವಾ ಬ್ಯಾಂಕ್ ಮೂಲಕ ಕೇಳಿ. 2021-22ರಿಂದ ದಾನಿಗಳ ವಿವರವನ್ನು ಟ್ರಸ್ಟ್ ಪ್ರತಿ ವರ್ಷ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಿ, ಪೋರ್ಟಲ್‌ನಲ್ಲಿ ಬರುವ ಪ್ರಮಾಣಪತ್ರವನ್ನು ದಾನಿಗೆ ಕೊಡಬೇಕು. ಬರೀ ರಸೀದಿ ಸಾಲದು. ಪ್ಯಾನ್ ಬರೆಸಿಕೊಳ್ಳುವುದು ಇದಕ್ಕೇ. ಇನ್ನೊಂದು, ಅಮೆರಿಕದಿಂದ ಬಂದ ಮಗನೋ ಅಳಿಯನೋ ಕೈ ಎತ್ತಿದರೆ ಅವರ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಆಮೇಲೆ ಮೆಲ್ಲಗೆ ಕೇಳಿ. ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ತೊಂದರೆ ಇಲ್ಲ. ಅಲ್ಲಿಯ ಪ್ರಜೆಯಾಗಿದ್ದರೆ, ಓಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇದ್ದರೂ, ಅದು ವಿದೇಶಿ ದೇಣಿಗೆ. ನಿಮ್ಮ ಟ್ರಸ್ಟ್‌ಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿಯೋ ಪೂರ್ವಾನುಮತಿಯೋ ಇಲ್ಲದಿದ್ದರೆ ಅದನ್ನು ತೆಗೆದುಕೊಳ್ಳುವಂತಿಲ್ಲ.

ಮರುದಿನ ಬೆಳಿಗ್ಗೆ ಪಟ್ಟಿ ಹಿಡಿದು ಫೋನ್ ಮಾಡಲು ಕೂತುಕೊಳ್ಳಿ. ಮೊದಲು ಧನ್ಯವಾದ, ಆಮೇಲೆ "ಕಾರ್ಡಿನಲ್ಲಿ 4,500 ಅಂತ ಬರೆದಿದ್ದೀರಿ, ಸರಿ ಅಲ್ವಾ?" ಅಂತ ಒಂದೇ ಪ್ರಶ್ನೆ. ಯಾರಾದರೂ ಹಿಂಜರಿದರೆ ಅಲ್ಲೇ ಬಿಟ್ಟುಬಿಡಿ, ಇನ್ನೊಂದು ಸಲ ಕೇಳಬೇಡಿ. ಆರು ತಿಂಗಳ ನಂತರ ಮತ್ತೆ ಎಲ್ಲರಿಗೂ ಫೋನ್ ಮಾಡಿ, ಆಗ ದುಡ್ಡು ಕೇಳಬೇಡಿ. ಅವರ ದುಡ್ಡಿನಿಂದ ಏನಾಯಿತು ಅಂತಷ್ಟೇ ಹೇಳಿ. ಆ ಸಂಘದ ಹೆಂಗಸರಿಗೆ ನಾನು ಫೋನ್ ಮಾಡಿದಾಗ ಅವರು ಸ್ಪೀಕರ್ ಹಾಕಿ ಎಲ್ಲರೂ ಕೇಳಿಸಿಕೊಂಡರು. ತಮ್ಮ ದುಡ್ಡಿನಿಂದ ಡಯಾಲಿಸಿಸ್ ಆದ ರೋಗಿಯ ಬಗ್ಗೆ "ಆ ಅಣ್ಣ ಈಗ ಹೇಗಿದ್ದಾರೆ?" ಅಂತ ಒಬ್ಬರು ಕೇಳಿದರು. ಅವರ ಹೆಸರು ನಮಗೆ ಬೇಡ, ಹುಷಾರಾಗಿದ್ದಾರಾ ಅಂತ ಹೇಳಿ ಸಾಕು ಅಂದರು.

ನಿಮ್ಮ ಕಾರ್ಯಕ್ರಮ ಯಾವಾಗ ಅಂತ ಬರೆದಿಲ್ಲ. ಇನ್ನೂ ಎರಡು ಮೂರು ವಾರ ಇದ್ದರೆ, ಈ ಭಾನುವಾರ ಲೆಕ್ಕ ಮುಗಿಸಿ, ಮುಂದಿನ ವಾರ ಮೊದಲ ದಾನಿಯ ಮನೆಗೆ ಹೋಗಿ ಬನ್ನಿ. ಏನು ಹೇಳಬೇಕು ಅಂತ ಬರೆದುಕೊಂಡು, ಮನೆಯಲ್ಲಿ ಯಾರನ್ನಾದರೂ ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಹೇಳಿ ನೋಡಿ. ಆ ಹತ್ತು ಸೆಕೆಂಡ್ ಮೌನವನ್ನೂ ಸೇರಿಸಿ.