‘ಲೆವೋ’ ಎನ್ನಬೇಕೋ ‘ಲೀವೋ’ ಎನ್ನಬೇಕೋ?

ಪ್ರಶ್ನೆ: ಔಷಧದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಮೂರು ತಿಂಗಳಾಯಿತು. ನೆಗಡಿ, ಅಲರ್ಜಿಗೆ ಕೊಡುವ ಮಾತ್ರೆಯನ್ನು ಕೆಲವರು ‘ಲೆವೋಸೆಟಿರಿಜಿನ್’ ಎಂದೂ ಕೆಲವರು ‘ಲೀವೋಸೆಟಿರಿಜಿನ್’ ಎಂದೂ ಕೇಳುತ್ತಾರೆ. ಆಮ್ಲಪಿತ್ತದ ಎಸೊಮೆಪ್ರಜೋಲ್ ಅನ್ನು ‘ಐಸೊಮೆಪ್ರಜೋಲ್’ ಎನ್ನುವವರೂ ಇದ್ದಾರೆ. ಯಾವುದು ಸರಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇಂಗ್ಲಿಷ್ ನಿಘಂಟುಗಳು ಕೊಡುವುದು ‘ಲೀವೋ’ ಎಂಬ ದೀರ್ಘ ಉಚ್ಚಾರಣೆಯನ್ನು. ಎಡ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದ ತುಣುಕು ಅದು. ಹಾಗೆಂದು ‘ಲೆವೋ’ ಎಂದವರನ್ನು ತಿದ್ದುವ ಅಗತ್ಯ ನನಗೆ ಕಾಣುವುದಿಲ್ಲ. ಆ ಉಚ್ಚಾರಣೆಯಿಂದ ಔಷಧ ಬದಲಾಗುವುದಿಲ್ಲ. ಅಪಾಯವಿರುವುದು ಹೆಸರು ಹೇಳುವಾಗ ಆ ತುಣುಕನ್ನೇ ಬಿಟ್ಟುಬಿಡುವುದರಲ್ಲಿ. ಸೆಟಿರಿಜಿನ್ ಎಂಬುದು, ಬಲಗೈ ಎಡಗೈಗಳಂತೆ ಒಂದಕ್ಕೊಂದು ಕನ್ನಡಿಯ ಬಿಂಬವಾಗಿರುವ ಎರಡು ಬಗೆಯ ಅಣುಗಳ ಸಮಪಾಲಿನ ಮಿಶ್ರಣ. ಅವುಗಳಲ್ಲಿ ಧ್ರುವೀಕೃತ (ಒಂದೇ ಸಮತಲದಲ್ಲಿ ಕಂಪಿಸುವ) ಬೆಳಕನ್ನು ಎಡಕ್ಕೆ ತಿರುಗಿಸುವ ಬಗೆಯನ್ನಷ್ಟೇ ಬೇರ್ಪಡಿಸಿಕೊಂಡರೆ ಲೀವೋಸೆಟಿರಿಜಿನ್. ವಯಸ್ಕರಿಗೆ ದಿನಕ್ಕೆ ಸಾಮಾನ್ಯವಾಗಿ ಮೊದಲನೆಯದು 10 ಮಿಲಿಗ್ರಾಂ, ಎರಡನೆಯದು 5 ಮಿಲಿಗ್ರಾಂ.

‘ಐಸೊ’ ಮಾತ್ರ ನಿಜಕ್ಕೂ ತಪ್ಪು. ಐಸೊಪ್ರೊಪೈಲ್, ಐಸೊಸಾರ್ಬೈಡ್‌ಗಳಲ್ಲಿ ಬರುವ ಆ ಗ್ರೀಕ್ ತುಣುಕಿಗೂ ನಿಮ್ಮ ಮಾತ್ರೆಗೂ ಸಂಬಂಧವಿಲ್ಲ. ಕನ್ನಡಿಬಿಂಬದ ಅಣುಗಳನ್ನು ರಸಾಯನಶಾಸ್ತ್ರಜ್ಞರು ಆರ್ ಮತ್ತು ಎಸ್ ಎಂಬ ಇಂಗ್ಲಿಷ್ ಅಕ್ಷರಗಳಿಂದ ಗುರುತಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಔಷಧನಾಮ ಪದ್ಧತಿಯಲ್ಲಿ ಆ ಅಕ್ಷರಗಳ ಹೆಸರನ್ನೇ, ಕಿವಿಗೆ ಕೇಳಿಸುವಂತೆ, ಮೂಲನಾಮದ ಮುಂದೆ ಜೋಡಿಸಲಾಗಿದೆ. ಆದ್ದರಿಂದ ಎಸ್-ಒಮೆಪ್ರಜೋಲ್, ಎಸ್-ಸಿಟಾಲೊಪ್ರಾಮ್, ಆರ್-ಫಾರ್ಮೊಟೆರಾಲ್ ಎಂದು ಮನಸ್ಸಿನಲ್ಲೇ ಬಿಡಿಸಿಕೊಂಡು, ಬಳಿಕ ಕೂಡಿಸಿ ಹೇಳಿರಿ. ಪದದ ಮೊದಲ ‘ಎ’ಕಾರಕ್ಕೆ ನಾವು ಮಾತಿನಲ್ಲಿ ಯಕಾರ ಸೇರಿಸಿ ‘ಯೆಸ್’ ಎನ್ನುವುದುಂಟು, ಅದರಿಂದ ಗೊಂದಲವಾಗದು.

ಎಸ್ ಎಂಬ ಗುರುತೂ ಎಡವನ್ನು ಹೇಳುವ ಇನ್ನೊಂದು ಲ್ಯಾಟಿನ್ ಪದದಿಂದಲೇ ಬಂದದ್ದು. ಆದರೂ ‘ಲೀವೋ’ ಮತ್ತು ‘ಎಸ್’ ಒಂದೇ ಎಂದು ಭಾವಿಸಬೇಡಿ: ಒಂದು ಬೆಳಕು ತಿರುಗುವ ದಿಕ್ಕನ್ನು ಹೇಳಿದರೆ, ಮತ್ತೊಂದು ಅಣುವಿನೊಳಗಿನ ಜೋಡಣೆಯನ್ನು ಹೇಳುತ್ತದೆ. ಲೀವೋಸೆಟಿರಿಜಿನ್ ವಾಸ್ತವವಾಗಿ ಆರ್ ರೂಪದ್ದು.

ಹೆಸರಿನ ಮುಂದೆ ಅಡ್ಡಗೆರೆಯೊಡನೆ ಒಂಟಿ ಅಕ್ಷರವಿದ್ದಾಗ ಓದುವ ಕ್ರಮ ಬೇರೆ. ಸಣ್ಣ ‘ಪಿ’ಯನ್ನು ‘ಪ್ಯಾರಾ’ ಎಂದು ಪೂರ್ತಿಯಾಗಿ ಓದುತ್ತಾರೆ. ಪ್ಯಾರಾಸೆಟಮಾಲ್‌ನ ಮೊದಲಿಗಿರುವುದೂ ಅದೇ. ಕಫ ಕರಗಿಸುವ ಔಷಧವಾದ ಎನ್-ಅಸಿಟೈಲ್‌ಸಿಸ್ಟೀನ್‌ನ ದೊಡ್ಡ ‘ಎನ್’ ಸಾರಜನಕದ ಗುರುತಾಗಿದ್ದರೂ ಅದನ್ನು ಅಕ್ಷರವಾಗಿಯೇ ಹೇಳಬೇಕು.