ಬಿಸಿ ಮಾಡಿದರೆ ಕೆಲವು ಕಬ್ಬಿಣದ ಸಂಯುಕ್ತಗಳ ಕಾಂತಗುಣ ಬದಲಾಗುವುದೇಕೆ?
ಕಬ್ಬಿಣದ ಅಯಾನಿನೊಳಗೆ ಜೋಡಿಯಾಗಿದ್ದ ಎಲೆಕ್ಟ್ರಾನುಗಳು ಒಂಟಿಯಾಗುವುದರಿಂದ. ದ್ರಾವಣದಲ್ಲಿ ತಾನಾಗಿಯೇ ಹೆಣೆದುಕೊಳ್ಳುವ ಕಬ್ಬಿಣ-ಟ್ರಯಾಜೋಲ್ (ನೈಟ್ರೋಜನ್ ಇರುವ ಉಂಗುರಾಕಾರದ ಅಣು) ಸರಪಳಿಯನ್ನೇ ನೋಡಿ. ತಣ್ಣಗಿದ್ದಾಗ ಹೊರಕವಚದ 6 ಎಲೆಕ್ಟ್ರಾನುಗಳೂ ಜೋಡಿ. ಪುಡಿ ನೇರಳೆ, ಆಯಸ್ಕಾಂತಕ್ಕೆ ಜಗ್ಗದು. ಕಾಯಿಸಿದರೆ 4 ಒಂಟಿಯಾಗುತ್ತವೆ. ಪುಡಿ ಬಿಳಿಚಿಕೊಂಡು ಆಯಸ್ಕಾಂತದತ್ತ ತುಸು ವಾಲುತ್ತದೆ. (ಪುಡಿಯೇ ಆಯಸ್ಕಾಂತವೇನೂ ಆಗಿಬಿಡುವುದಿಲ್ಲ.)

ಆಗ ಕಬ್ಬಿಣ-ನೈಟ್ರೋಜನ್ ಬಂಧ ಸುಮಾರು 0.2 ಆಂಗ್‌ಸ್ಟ್ರಾಮ್ (ಒಂದು ನ್ಯಾನೋಮೀಟರಿಗೆ 10 ಆಂಗ್‌ಸ್ಟ್ರಾಮ್) ಹಿಗ್ಗುತ್ತದೆ. ಸರಪಳಿಯಲ್ಲಿ ಒಂದು ಅಯಾನು ಉಬ್ಬಿದರೆ ಪಕ್ಕದ್ದನ್ನೂ ತಳ್ಳುತ್ತದೆ, ಹಾಗಾಗಿ ಎಲ್ಲವೂ ಒಟ್ಟಿಗೇ ಮಗುಚುತ್ತವೆ. ತಣಿಸುವಾಗ ಅದೇ ಉಷ್ಣತೆಯಲ್ಲಿ ಮರಳುವುದಿಲ್ಲ, ಇನ್ನೂ ಕೆಳಗಿಳಿಯಬೇಕು. ಈ ಅಂತರವೇ ಹಿಸ್ಟರಿಸಿಸ್, ಅಂದರೆ ವಸ್ತುವಿನ ‘ನೆನಪು’. ಕಣಗಳು ಕೆಲವೇ ನ್ಯಾನೋಮೀಟರಿಗೆ ಕುಗ್ಗಿದರೆ ತಳ್ಳಲು ನೆರೆಯವರೇ ಕಡಿಮೆ. ಅಂತರ ಸಾಮಾನ್ಯವಾಗಿ ಕಿರಿದಾಗುತ್ತದೆ.

ಮೊದಲ ಸಲ ಕಾಯಿಸಿದಾಗಿನ ಅಳತೆ ನಂಬಬೇಡಿ. ಒಳಗೆ ಸಿಕ್ಕಿಕೊಂಡ ನೀರು ಹೊರಬೀಳುವಾಗ ಬದಲಾವಣೆಯ ಉಷ್ಣತೆ ಜರುಗುತ್ತದೆ; ಎರಡನೇ ಸುತ್ತಿನಿಂದ ಅಳೆಯಿರಿ.